ಹಣ್ಣಿನ ನೊರಜೂ ಹಿಂಜವಾಡಿಯ ರಾತ್ರಿಪಾಳಿಯೂ

ಮುಂಬಯಿಯಿಂದ ಬೆಂಗಳೂರಿನತ್ತ ಸಾಗುವ ಹೆದ್ದಾರಿಯನ್ನು ವಾಕಡದ ಬಳಿ ಬಿಟ್ಟು ಪಶ್ಚಿಮಕ್ಕೆ ಹೊರಳಿದರೆ ಹಿಂಜವಾಡಿ. ಮುಳಶಿ ತಾಲೂಕಿನ ಈ ಗ್ರಾಮವು ಒಂದು ಕಾಲಕ್ಕೆ ಬೇಸಾಯಕ್ಕೂ ಮ್ಹಾತೋಬಾ ದೇವರ ಬಗಾಡದ ಜಾತ್ರೆಗೂ ಹೆಸರಾಗಿತ್ತು. ಜಾತ್ರೆಯು ಈಗಲೂ ನಡೆಯುತ್ತದೆ. ಹೊಲಗಳ ಮಾತು ಬೇರೆ. ಇನ್ಫೋಟೆಕ್ ಪಾರ್ಕ್ ಎಂಬ ಹೆಸರಿನಲ್ಲಿ ಅಲ್ಲಿ ಎದ್ದುನಿಂತ ಗಾಜಿನ ಸೌಧಗಳೊಳಗೆ ಅಮೇರಿಕೆಯ ಹಗಲಿಗಾಗಿ ನಮ್ಮ ರಾತ್ರಿಯನ್ನು ತೆತ್ತು ದುಡಿಯುವ ತರುಣರು ಸಹಸ್ರ ಸಹಸ್ರವಾಗಿದ್ದಾರೆ. ನ್ಯೂಯಾರ್ಕಿನ ಗಡಿಯಾರವು ನಮ್ಮದಕ್ಕಿಂತ ಒಂಬತ್ತೂವರೆ ಇಲ್ಲವೆ ಹತ್ತೂವರೆ ತಾಸು ಹಿಂದೆ ಇರುವುದರಿಂದ, ಅಲ್ಲಿಯ ಧಣಿಯು ಬೆಳಗಿನ ಕಾಫಿ ಕುಡಿಯುವಾಗ ಇಲ್ಲಿಯ ಗುಮಾಸ್ತನಿಗೆ ರಾತ್ರಿಯ ಊಟದ ಹೊತ್ತು. ಆ ಗುಮಾಸ್ತನು ಎಚ್ಚತ್ತಿದ್ದಾನೆಂದ ಮೇಲೆ ಅವನಿಗೆ ಚಹಾ, ಇಡ್ಲಿ, ದೋಸೆ ಒದಗಿಸುವ ನಮ್ಮ ಹೊಟೇಲಿನ ಹುಡುಗರೂ ಎಚ್ಚತ್ತಿರಲೇಬೇಕಷ್ಟೆ.

ಅಂಥ ಒಂದು ಉಪಾಹಾರಗೃಹದಲ್ಲಿ ನಾವು ಒಂದು ರಾತ್ರಿ ಮೂರು ಗಂಟೆಯ ವೇಳೆಗೆ ಕುಳಿತಿದ್ದೆವು. ಹಣ್ಣಿನ ರಸದ ಕಟ್ಟೆಯ ಮೇಲೆ ಪಕ್ವವಾದ ಬಾಳೆಗೊನೆಯೊಂದು ತೂಗುತ್ತಿತ್ತು. ಅದರ ಸುತ್ತಲೂ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ, ಕೆಂಪು ಕಣ್ಣಿನ ನೊರಜುಗಳು ಹಾರಾಡುತ್ತಿದ್ದವು. ಗಲ್ಲೆಯ ಮೇಲಿದ್ದ ಕುಂದಾಪುರದ ಕಡೆಯ ತರುಣನು ಕೈವಸ್ತ್ರದಿಂದ ಅವನ್ನು ಓಡಿಸಿ ಓಡಿಸಿ ಬೇಸತ್ತಿದ್ದನು. ಇದೇ ನೊರಜಿನ ಕುರಿತು ವಿಚಾರ ಮಾಡುವುದಕ್ಕಾಗಿ ದೇಶವಿದೇಶಗಳ ವಿದ್ವಾಂಸರು ಇಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರಿನಲ್ಲಿರುವ ಪಾಷಾಣದಲ್ಲಿ ಐದು ದಿನ ಸಭೆ ಸೇರಿದ್ದರೆಂದು ನಾವು ಹೇಳಿದಾಗ ಅವನು ನಕ್ಕು, "ಸ್ವಾಮೀ, ಓಡಿಸುವವರಿಗೆ ಸಂಬಳ ಇಷ್ಟು, ಸಾಕುವವರಿಗೆ ಎಷ್ಟೋ?" ಎಂದು ಕೇಳಿದನು. ಪ್ರಶ್ನೆಯು ನಗೆಯದಾದರೂ ಉತ್ತರವು ನಗೆಯದಲ್ಲವೆಂದು ನಮಗೆ ತೋರಿದುದರಿಂದ ಈ ಲೇಖನ.

ಪಾಷಾಣದಲ್ಲಿರುವ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯು ೨೦೦೬ರಲ್ಲಿ ಸ್ಥಾಪಿತವಾದುದು. ಅಲ್ಲಿ ೨೦೨೦ನೆಯ ಇಸವಿಯ ಜನವರಿ ೬ರಿಂದ ೧೦ರ ವರೆಗೆ ಏಷ್ಯಾ-ಪೆಸಿಫಿಕ್ ಪ್ರದೇಶದ ಡ್ರೊಸೋಫಿಲಾ ಸಂಶೋಧಕರ ಐದನೆಯ ಸಮ್ಮೇಳನವು ಜರಗಿತು. ಹಿಂದಿನ ನಾಲ್ಕು ಅಧಿವೇಶನಗಳು ತೈಪೆ, ಸೋಲ್, ಬೀಜಿಂಗ್, ಒಸಾಕಾ ನಗರಗಳಲ್ಲಿ ನಡೆದಿದ್ದವು. ಭಾರತಕ್ಕೆ ಈ ಮಾನವು ದೊರೆತುದು ಅದೇ ಮೊದಲು. ಡ್ರೊಸೋಫಿಲಾ ಎಂದರೆ ನಮ್ಮ ಬಾಳೆಗೊನೆಯ ನೊರಜೇ. ಹೆಸರು ಗ್ರೀಕ್ ಭಾಷೆಯದು. ಇಬ್ಬನಿಯನ್ನು ಪ್ರೀತಿಸುವುದು ಎಂದು ಅರ್ಥ. ಕಸದ ಬುಟ್ಟಿಯ ಜೀವಿಗೆ ಇಷ್ಟು ಕಾವ್ಯಮಯವಾದ ನಾಮಕರಣ ಮಾಡಿದವರ ರಸಿಕತೆಯನ್ನು ಮೆಚ್ಚಬೇಕು. ಸಮ್ಮೇಳನಕ್ಕೆ ಬಂದವರಲ್ಲಿ ಇಬ್ಬರು ನೊಬೆಲ್ ಪಾರಿತೋಷಕ ಪಡೆದವರು. ಎರಿಕ್ ವೀಶೌಸ್ ಎಂಬವರು ಮೊಟ್ಟೆಯಿಂದ ಹುಳುವು ರೂಪುಗೊಳ್ಳುವ ಬಗೆಯನ್ನು ವಂಶವಾಹಿಗಳ ಮೂಲಕ ವಿವರಿಸಿ ೧೯೯೫ರಲ್ಲಿ ಆ ಗೌರವಕ್ಕೆ ಪಾತ್ರರಾದವರು. ಮೈಕೆಲ್ ರಾಸ್‌ಬಾಷ್ ಎಂಬವರು ಜೀವಿಯ ಒಳಗಡಿಯಾರದ ಮರ್ಮವನ್ನು ಬಿಡಿಸಿ, ಜೆಫ್ರಿ ಹಾಲ್ ಮತ್ತು ಮೈಕೆಲ್ ಯಂಗ್ ಎಂಬವರೊಡನೆ ೨೦೧೭ರಲ್ಲಿ ಅದನ್ನು ಹಂಚಿಕೊಂಡವರು. ಈ ಎರಡನೆಯವರ ವಿದ್ಯೆಗೂ ಹಿಂಜವಾಡಿಯ ಮೂರು ಗಂಟೆಯ ಚಹಾಕ್ಕೂ ಇರುವ ಸಂಬಂಧವನ್ನು ಮುಂದೆ ಹೇಳಲಿದ್ದೇವೆ.

ಅದಕ್ಕೆ ಮುಂಚೆ ನೊರಜಿನ ಕುಲವೃತ್ತಾಂತವನ್ನು ಸ್ವಲ್ಪ ಹೇಳಬೇಕು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬ ಪ್ರಾಧ್ಯಾಪಕನು ಹಾಲಿನ ಸೀಸೆಗಳಲ್ಲಿ ಬಾಳೆಹಣ್ಣು ಹಾಕಿ ನೊರಜುಗಳನ್ನು ಸಾಕುತ್ತಿದ್ದನು. ೧೯೧೦ರಲ್ಲಿ ಆ ಕೆಂಪು ಕಣ್ಣಿನ ಸಂತತಿಯಲ್ಲಿ ಬಿಳಿಯ ಕಣ್ಣಿನ ಗಂಡು ಒಂದು ಕಾಣಿಸಿತು. ಅದರ ಮಕ್ಕಳು ಮೊಮ್ಮಕ್ಕಳ ಲೆಕ್ಕವನ್ನು ಇಟ್ಟು, ಅನುವಂಶಿಕ ಗುಣಗಳು ಜೀವಕೋಶದೊಳಗಿನ ವರ್ಣತಂತುಗಳ ಮೇಲೆ ಕುಳಿತಿರುತ್ತವೆಂದು ಮಾರ್ಗನ್ ತೋರಿಸಿಕೊಟ್ಟನು. ೧೯೩೩ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಸೀಸೆಯೊಂದು, ಹಣ್ಣೊಂದು, ಹತ್ತು ಹನ್ನೆರಡು ದಿನಕ್ಕೊಂದು ತಲೆಮಾರು! ಆನೆಯನ್ನೋ ಆಕಳನ್ನೋ ಸಾಕಿ ಹತ್ತು ತಲೆಮಾರು ನೋಡಬೇಕೆಂದರೆ ವಿಜ್ಞಾನಿಯ ಆಯುಷ್ಯವೇ ಮುಗಿದೀತು. ನೊರಜಿನಲ್ಲಿ ಅದು ನಾಲ್ಕು ತಿಂಗಳ ಕೆಲಸ. ೨೦೦೦ನೆಯ ಇಸವಿಯಲ್ಲಿ ಅದರ ವಂಶವಾಹಿಗಳ ಪೂರ್ಣ ಪಟ್ಟಿ ಸಿದ್ಧವಾದಾಗ ಸುಮಾರು ೧೩,೬೦೦ ಎಣಿಕೆಗೆ ಸಿಕ್ಕಿದವು. ಮನುಷ್ಯರಲ್ಲಿ ರೋಗಕ್ಕೆ ಕಾರಣವಾಗುವ ವಂಶವಾಹಿಗಳ ಪೈಕಿ ಅರ್ಧಕ್ಕೂ ಹೆಚ್ಚಿನವುಗಳಿಗೆ ಸರಿದೊರೆಯಾದವು ಈ ಕ್ಷುದ್ರ ಜೀವಿಯಲ್ಲಿವೆಯೆಂದೂ ತಿಳಿದುಬಂದಿತು.

ಈ ವಿದ್ಯೆಯೆಲ್ಲ ಪರದೇಶದ್ದೆಂದು ಯಾರೂ ಎಣಿಸಬಾರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ವಿಭಾಗದವರು ಬಹುಕಾಲದಿಂದ ನೊರಜುಗಳನ್ನು ಸಾಕಿಕೊಂಡು ಬಂದಿದ್ದಾರೆ. ಎಂಟು ವರ್ಣತಂತುಗಳ ಒಂದು ನೊರಜಿಗೂ ಆರು ವರ್ಣತಂತುಗಳ ಅದರ ದಾಯಾದಿಗೂ ಸಂಬಂಧ ಬೆಳೆಸಿ, ತಲೆಮಾರುಗಳ ಮೇಲೆ ತಲೆಮಾರು ಕಾದು, ನಿಸರ್ಗದಲ್ಲಿ ಎಲ್ಲೂ ಇಲ್ಲದ ಹೊಸ ತಳಿಗಳು ಸೀಸೆಯೊಳಗೇ ಮೈದಳೆಯುವುದನ್ನು ಎಚ್. ಎ. ರಂಗನಾಥ್, ಎನ್. ಬಿ. ರಾಮಚಂದ್ರ ಮೊದಲಾದವರು ಕಂಡರು. ಜೀವವಿಕಾಸವೆಂಬುದು ಲಕ್ಷಾಂತರ ವರ್ಷಗಳ ಹಿಂದೆ ಆಗಿಹೋದ ಕಥೆಯೆಂದು ತಿಳಿದವರು ಮೈಸೂರಿನ ಸೀಸೆಗಳನ್ನು ನೋಡಬೇಕು.

ಅಲ್ಲಿ ನೊರಜುಗಳಿಗೆ ಬಡಿಸುವ ಅಡಿಗೆ ಯಾವುದೆಂದು ಕೇಳಿದರೆ ನಮ್ಮ ಭಟ್ಟರು ಬೆರಗಾದಾರು. ಗೋಧಿಯ ರವೆ, ಬೆಲ್ಲ, ನೀರು, ಗಟ್ಟಿಯಾಗಲು ಅಗರ್, ಬೂಸು ಹಿಡಿಯದಂತೆ ಒಂದಿಷ್ಟು ಆಮ್ಲ, ಮೇಲೆ ಯೀಸ್ಟಿನ ಹನಿ. ತುಪ್ಪ ದ್ರಾಕ್ಷಿಗಳಿಲ್ಲವೆಂಬುದನ್ನು ಬಿಟ್ಟರೆ ಸಜ್ಜಿಗೆಯೇ ಸರಿ, ಪುಣೆಯವರ ಶಿರಾ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದವರು ಬಾಳೆಹಣ್ಣನ್ನೂ ಬೆಲ್ಲವನ್ನೂ ಕೂಡಿಸಿ ಬಡಿಸುತ್ತಾರೆ. ಅದು ಉಡುಪಿಯ ಕಡೆಯ ರಸಾಯನ. ತೆಂಗಿನ ಹಾಲು ಮಾತ್ರ ಕಡಮೆ.

ಕರ್ನಾಟಕದಲ್ಲಿ ಇಂಥ ಜಾಗತಿಕ ಅಧಿವೇಶನಗಳೂ ಆಗಿಹೋಗಿವೆ. ಅನುವಂಶಿಕ ಶಾಸ್ತ್ರದ ಹದಿನೈದನೆಯ ಅಂತಾರಾಷ್ಟ್ರೀಯ ಮಹಾಸಭೆಯು ೧೯೮೩ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಸೇರಿದ ಬಳಿಕ, ೧೯೯೦ರ ಆಗಸ್ಟಿನಲ್ಲಿ ಸಂಘಜೀವಿ ಕೀಟಗಳ ಹನ್ನೊಂದನೆಯ ಅಂತಾರಾಷ್ಟ್ರೀಯ ಮಹಾಸಭೆಯು ಬೆಂಗಳೂರಿನಲ್ಲಿಯೇ ನೆರೆಯಿತು. ಇರುವೆ, ಗೆದ್ದಲು, ಜೇನು, ಕಣಜ ಇವುಗಳೇ ಅಲ್ಲಿಯ ಚರ್ಚೆಯ ವಸ್ತು. ಅದರ ಪ್ರಬಂಧಗಳನ್ನು ಸಂಪಾದಿಸಿದವರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಜಿ. ಕೆ. ವೀರೇಶ್, ಸಿ. ಎ. ವಿರಕ್ತಮಠ ಇವರ ಹೆಸರುಗಳನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಆದರೆ ಆ ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯಲ್ಲಿ ವಿಜ್ಞಾನಿಯು ಹಳ್ಳಿಯ ಮಂದಣ್ಣನ ಜೇನಿನ ಜ್ಞಾನವನ್ನು ಗುರುತಿಸಿ ಅವನನ್ನು ಜೊತೆಗೆ ಕರೆದುಕೊಳ್ಳುತ್ತಾನೆ. ನಿಜವಾದ ಸಮ್ಮೇಳನಗಳಲ್ಲಿ ಮಂದಣ್ಣನು ಚಹಾದ ತಟ್ಟೆ ಹಿಡಿದು ಬಾಗಿಲ ಹೊರಗೆ ನಿಂತಿರುತ್ತಾನೆಂಬುದು ನಮ್ಮ ಒಂದು ಆಕ್ಷೇಪ. ಒಳಗೆ ಮಾತನಾಡುವುದು ಅವನ ನಿದ್ರೆಯ ಕುರಿತಾಗಿಯೇ ಇರಬಹುದು, ಮತ್ತು ಪಾಷಾಣದಲ್ಲಿ ಬಹುಮಟ್ಟಿಗೆ ಇದ್ದುದೂ ಹೌದು.

ಈಗ ಗಡಿಯಾರದ ವಿಷಯ. ನಮ್ಮ ಊರ ಗದ್ದೆಯಂಚಿನ ಮುಟ್ಟಿದರೆ ಮುನಿ ಗಿಡವು ಸಂಜೆಗೆ ಎಲೆ ಮುಚ್ಚಿ ಬೆಳಿಗ್ಗೆ ಬಿಚ್ಚುವುದನ್ನು ಎಲ್ಲರೂ ಬಲ್ಲೆವು. ಅದನ್ನು ಕತ್ತಲೆಯಲ್ಲಿಟ್ಟರೂ ಎಲೆಗಳು ಹೊತ್ತು ತಪ್ಪದೆ ಬಿಚ್ಚುತ್ತವೆಯೆಂದು ೧೭೨೯ರಲ್ಲಿಯೇ ಫ್ರಾನ್ಸಿನ ದ ಮೇರಾನ್ ಎಂಬವನು ಕಂಡಿದ್ದನು. ಎಂದರೆ ಗಿಡವು ಸೂರ್ಯನನ್ನು ನೋಡಿ ಮಾತ್ರ ನಡೆಯುವುದಲ್ಲ, ಒಳಗೊಂದು ಎಣಿಕೆಯಿದೆ. ಆ ಎಣಿಕೆಯ ಯಂತ್ರವನ್ನು ಹಿಡಿದುಕೊಟ್ಟುದು ನೊರಜು. ಕೋಶದಿಂದ ಹೊರಬರುವ ನೊರಜುಗಳು ಬಹುವಾಗಿ ಮುಂಜಾವದಲ್ಲಿಯೇ ಹೊರಬರುತ್ತವೆ. ಹೊಸ ರೆಕ್ಕೆಗೆ ಇಬ್ಬನಿಯ ತಂಪು ಬೇಕು. ೧೯೭೧ರಲ್ಲಿ ಅಮೇರಿಕೆಯ ರೊನಾಲ್ಡ್ ಕೊನೊಪ್ಕಾ ಮತ್ತು ಸೀಮೂರ್ ಬೆಂಜರ್ ಎಂಬವರು ಈ ಹೊತ್ತು ಕೆಟ್ಟ ಮೂರು ತಳಿಗಳನ್ನು ಹುಡುಕಿದರು. ಒಂದರ ದಿನ ೧೯ ತಾಸು, ಇನ್ನೊಂದರದು ೨೮ ತಾಸು, ಮೂರನೆಯದಕ್ಕೆ ದಿನವೆಂಬುದೇ ಇಲ್ಲ. ಮೂರರ ದೋಷವೂ ಒಂದೇ ವಂಶವಾಹಿಯಲ್ಲಿತ್ತು. ೧೯೮೪ರಲ್ಲಿ ರಾಸ್‌ಬಾಷ್ ಮತ್ತು ಹಾಲ್ ಅವರೂ, ಬೇರೆಯಾಗಿ ಯಂಗ್ ಅವರೂ ಅದನ್ನು ಪ್ರತ್ಯೇಕಿಸಿದರು.

ಅದರ ನಡೆಯನ್ನು ಹೊಟೇಲಿನ ಅಡಿಗೆಮನೆಯ ಉಪಮಾನದಿಂದ ತಿಳಿಯಬಹುದು. ಭಟ್ಟನು ಇಡ್ಲಿ ಬೇಯಿಸಿ ಬೇಯಿಸಿ ಹೊರಗೆ ಕಳುಹಿಸುತ್ತಿರುತ್ತಾನೆ. ಕಪಾಟು ತುಂಬಿತೆಂದಾಗ ಮಾಣಿಯು ಒಳಗೆ ಹೋಗಿ "ಸಾಕು" ಎನ್ನುತ್ತಾನೆ, ಒಲೆ ಆರುತ್ತದೆ. ಇಡ್ಲಿ ಖರ್ಚಾಗಿ ಕಪಾಟು ಬರಿದಾದಾಗ ಒಲೆಯು ಮತ್ತೆ ಹೊತ್ತುತ್ತದೆ. ಜೀವಕೋಶದಲ್ಲಿಯೂ ಹೀಗೆಯೇ. ಆ ವಂಶವಾಹಿಯ ಅಪ್ಪಣೆಯಂತೆ ಒಂದು ಸಸಾರಜನಕ ದ್ರವ್ಯವು ಸಿದ್ಧವಾಗಿ ರಾತ್ರಿ ಶೇಖರವಾಗುತ್ತದೆ. ಸಾಕಷ್ಟಾದಾಗ ಅದೇ ಒಳಗೆ ಹೋಗಿ ತನ್ನನ್ನು ಹುಟ್ಟಿಸಿದ ವಂಶವಾಹಿಯ ಬಾಯಿ ಕಟ್ಟುತ್ತದೆ. ತರುವಾಯ ಅದು ಕ್ಷಯಿಸಿದಾಗ ಕೆಲಸ ಪುನಃ ಆರಂಭ. ಈ ಒಂದು ಸುತ್ತಿಗೆ ಇಪ್ಪತ್ತನಾಲ್ಕು ತಾಸು ಬೇಕು. ಒಳಹೋಗಲು ಅದಕ್ಕೊಂದು ಜೊತೆಗಾರ ದ್ರವ್ಯವೂ ಬೇಕು. ನೊರಜಿನಲ್ಲಿ ಆ ಜೊತೆಗಾರನು ಬೆಳಕು ಬಿದ್ದೊಡನೆ ನಾಶವಾಗುತ್ತಾನೆ. ಗಡಿಯಾರವನ್ನು ಪ್ರತಿ ಮುಂಜಾನೆ ಸರಿಪಡಿಸುವ ಬೆರಳೆಂದರೆ ಬೆಳಕೇ. ಮನುಷ್ಯರಲ್ಲಿಯೂ ಇದೇ ಬಳಗದ ವಂಶವಾಹಿಗಳಿವೆ. ಸಂಜೆ ಏಳೂವರೆಗೆ ಮಲಗಿ ನಾಲ್ಕೂವರೆಗೆ ಏಳದೆ ಗತಿಯಿಲ್ಲದ ಒಂದು ಕುಟುಂಬದಲ್ಲಿ ಅಂಥ ಒಂದು ವಂಶವಾಹಿಯ ದೋಷವು ೨೦೦೧ರಲ್ಲಿ ಪತ್ತೆಯಾಯಿತು. ಅಂಥವರನ್ನು ನಮ್ಮ ಹೊಟೇಲಿನವರು ಬೆಳಗಿನ ಪಾಳಿಗೆ ಹಾಕಿ ಬಹುಮಾನ ಕೊಟ್ಟಾರು!

ರಾತ್ರಿಪಾಳಿಯವನ ಕಷ್ಟವು ಇಲ್ಲಿ ಸ್ಪಷ್ಟವಾಗುತ್ತದೆ. ಅವನು ಕೆಲಸ ಬದಲಿಸಿದಷ್ಟು ಬೇಗ ಅವನ ಗಡಿಯಾರವು ಬದಲಾಗುವುದಿಲ್ಲ. ಬೆಳಗಿನ ನಾಲ್ಕೈದು ಗಂಟೆಗೆ ಮೈಯ ಕಾವು ಅತ್ಯಂತ ಕೆಳಗಿಳಿದಿರುತ್ತದೆ. ಆಗ ಅವನು ಕಾದ ಎಣ್ಣೆಯ ಬಾಣಲೆಯ ಮುಂದೆ ಇಲ್ಲವೆ ಲೆಕ್ಕದ ಕಾಲಮಿನ ಮುಂದೆ ಇರುತ್ತಾನೆ. ಪಿತ್ತಜನಕಾಂಗವೇ ಮೊದಲಾದ ಅಂಗಗಳಿಗೂ ತಮ್ಮವೇ ಆದ ಗಡಿಯಾರಗಳುಂಟು, ಅವು ಊಟದ ವೇಳೆಯನ್ನು ನೋಡಿ ನಡೆಯುತ್ತವೆ. ನಡುರಾತ್ರಿಯ ಊಟದಿಂದ ತಲೆಯ ಗಡಿಯಾರ ಒಂದು ಹೊತ್ತನ್ನೂ ಹೊಟ್ಟೆಯ ಗಡಿಯಾರ ಇನ್ನೊಂದು ಹೊತ್ತನ್ನೂ ತೋರಿಸತೊಡಗುತ್ತವೆ. ಕೆಲಸ ಮುಗಿಸಿ ಅವನು ಹೊರಗೆ ಬಂದೊಡನೆ ಎಳೆಬಿಸಿಲು ಕಣ್ಣಿಗೆ ಹೊಡೆದು "ಈಗ ಹಗಲು" ಎಂದು ಒಳಗಡಿಯಾರಕ್ಕೆ ಮತ್ತೊಮ್ಮೆ ಸಾರುತ್ತದೆ. ಹೀಗೆ ದಿನಚರಿಯನ್ನು ಕೆಡಿಸುವ ಪಾಳಿಯ ದುಡಿಮೆಯು ಅರ್ಬುದ ರೋಗಕ್ಕೆ ಪ್ರಾಯಶಃ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ಶಾಖೆಯು ೨೦೦೭ರಲ್ಲಿ ಅಭಿಪ್ರಾಯಪಟ್ಟು, ೨೦೧೯ರಲ್ಲಿ ಮರುಪರಿಶೀಲಿಸಿ ಅದನ್ನೇ ಉಳಿಸಿಕೊಂಡಿತು. 'ಪ್ರಾಯಶಃ' ಎಂಬ ಪದವನ್ನು ವಾಚಕರು ಗಮನಿಸಬೇಕು. ರಾತ್ರಿ ದುಡಿದವರಿಗೆಲ್ಲ ರೋಗ ಬರುವುದೆಂದು ಅರ್ಥವಲ್ಲ, ಸಂಶಯಕ್ಕೆ ಬಲವಾದ ಆಧಾರವಿದೆಯೆಂದಷ್ಟೆ.

"ರೂಢಿಯಾದರೆ ಸರಿಹೋಗುತ್ತದೆ" ಎಂಬ ಮಾತನ್ನು ನಾವು ಧಣಿಗಳ ಬಾಯಲ್ಲಿಯೂ ಕೇಳಿದ್ದೇವೆ, ದುಡಿಯುವವರ ಬಾಯಲ್ಲಿಯೂ ಕೇಳಿದ್ದೇವೆ. ಆ ರಾತ್ರಿ ಹಿಂಜವಾಡಿಯಲ್ಲಿ ಗಲ್ಲೆಯ ತರುಣನು ತಮ್ಮ ಬಿಡಾರವನ್ನು ನಮಗೆ ತೋರಿಸಿದನು. ಹಿತ್ತಲ ಮಹಡಿಯಲ್ಲಿ ಒಂದು ಕೋಣೆ; ಎಂಟು ಮಂದಿಗೆ ನಾಲ್ಕು ಚಾಪೆ. ಒಂದು ಪಾಳಿಯವರು ಏಳುವಾಗ ಇನ್ನೊಂದು ಪಾಳಿಯವರು ಮಲಗುವರು. ಯಾರಾದರೊಬ್ಬರು ಅಂಗಿ ಹುಡುಕುತ್ತಿರುವುದರಿಂದಲೋ ಕ್ಷೌರ ಮಾಡಿಕೊಳ್ಳುತ್ತಿರುವುದರಿಂದಲೋ ಆ ಕೋಣೆಯ ಕೊಳವೆ ದೀಪವು ಆರುವುದೇ ಇಲ್ಲ. ಎಷ್ಟು ಕಾಲದಿಂದ ಎಂದು ಕೇಳಿದೆವು. "ನಾನು ಬಂದಾಗಲೇ ಉರಿಯುತ್ತಿತ್ತು" ಎಂದನು.

ಆ ಮಾತನ್ನು ಕೇಳಿದಾಗ ನಮಗೆ ಜಕ್ಕೂರಿನ ನೊರಜುಗಳ ನೆನಪು ಬಂದಿತು. ಅಲ್ಲಿಯ ಪ್ರಯೋಗಶಾಲೆಯಲ್ಲಿ ಆರದ ಬೆಳಕಿನಲ್ಲಿ, ಏರಿಳಿತವಿಲ್ಲದ ಶಾಖದಲ್ಲಿ, ನೊರಜುಗಳನ್ನು ತಲೆತಲಾಂತರವಾಗಿ ಸಾಕಿದ್ದರು. ಅವುಗಳ ಪಾಲಿಗೆ ಸೂರ್ಯನು ಮುಳುಗಿದ್ದೇ ಇಲ್ಲ. ಆರುನೂರು ತಲೆಮಾರುಗಳ ತರುವಾಯ ವಿ. ಶೀಬಾ, ವಿಜಯಕುಮಾರ ಶರ್ಮ, ಎಂ. ಕೆ. ಚಂದ್ರಶೇಖರನ್, ಅಮಿತಾಭ ಜೋಶಿ ಇವರು ಅವುಗಳನ್ನು ಪರೀಕ್ಷಿಸಿ ೧೯೯೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಉಪಯೋಗವಿಲ್ಲದ ಅಂಗವು ಕ್ಷಯಿಸುವುದು ಜೀವವಿಕಾಸದಲ್ಲಿ ಸಾಮಾನ್ಯ. ಗುಹೆಯ ಮೀನುಗಳು ಕಣ್ಣು ಕಳೆದುಕೊಂಡಿಲ್ಲವೆ? ಅದರಂತೆ ಈ ಗಡಿಯಾರವೂ ಸವೆದು ಹೋಗಿರಬೇಕಿತ್ತು. ಹೋಗಿರಲಿಲ್ಲ. ಎಡೆಬಿಡದ ಬೆಳಕಿನಲ್ಲಿ ನೊರಜುಗಳು ಹೊತ್ತುಗೊತ್ತಿಲ್ಲದೆ ಕೋಶದಿಂದ ಹೊರಬರುತ್ತಿದ್ದವು ನಿಜ. ಆದರೆ ಬೆಳಕು ಕತ್ತಲೆಗಳ ಸರದಿಗೆ ಒಡ್ಡಿದಾಗಲೂ, ಕೇವಲ ಕತ್ತಲೆಯಲ್ಲಿಟ್ಟಾಗಲೂ, ಆರುನೂರು ತಲೆಮಾರುಗಳಿಂದ ಮುಂಜಾವವನ್ನೇ ಕಾಣದ ವಂಶದ ಆ ನೊರಜುಗಳು ಪೂರ್ವಜರಂತೆಯೇ ಹೊತ್ತು ಹಿಡಿದು ಹೊರಬಂದವು. ಮನುಷ್ಯರ ಲೆಕ್ಕದಲ್ಲಿ ಆರುನೂರು ತಲೆಮಾರೆಂದರೆ ಹದಿನೈದು ಸಾವಿರ ವರ್ಷದ ಹತ್ತಿರ ಹತ್ತಿರ. ನೊರಜಿನಿಂದ ಮನುಷ್ಯನಿಗೆ ನೇರವಾಗಿ ನೆಗೆಯುವುದು ಶಾಸ್ತ್ರಸಮ್ಮತವಲ್ಲವೆಂದು ನಾವು ಬಲ್ಲೆವು. ಆದರೂ ಎರಡು ವರ್ಷದ ರಾತ್ರಿಪಾಳಿಯಿಂದ ಮೈ ರೂಢಿಯಾಗುತ್ತದೆಂದು ಹೇಳುವವರು ಈ ಸಂಗತಿಗೆ ಉತ್ತರ ಕೊಡಬೇಕಾಗುತ್ತದೆ.

ಮಾಡತಕ್ಕ ಉಪಾಯವೇನೆಂದು ಆ ತರುಣರು ಕೇಳಿದರು. ದೊಡ್ಡ ಔಷಧವೇನೂ ಇಲ್ಲ. ಮಲಗುವ ಜಾಗವು ಕತ್ತಲೆಯಾಗಿರಬೇಕು. ಬೆಳಿಗ್ಗೆ ಮರಳುವಾಗ ಕರಿಗನ್ನಡಕ ಹಾಕಿಕೊಳ್ಳುವುದರಿಂದ ಬಿಸಿಲಿನ ಪೆಟ್ಟು ತಗ್ಗುತ್ತದೆ. ನಡುರಾತ್ರಿಯ ಊಟವನ್ನು ಲಘುವಾಗಿಸಬೇಕು. ಪಾಳಿಯನ್ನು ಬದಲಿಸುವ ಕ್ರಮವು ಮಾತ್ರ ಯಜಮಾನರ ಕೈಯಲ್ಲಿದೆ. ಮನುಷ್ಯನ ಒಳಗಡಿಯಾರದ ಸುತ್ತು ಇಪ್ಪತ್ತನಾಲ್ಕು ತಾಸಿಗಿಂತ ಸರಾಸರಿ ಹತ್ತು ನಿಮಿಷದಷ್ಟು ಉದ್ದವೆಂದು ೧೯೯೯ರಲ್ಲಿ ಅಳೆದಿದ್ದಾರೆ. ಆದುದರಿಂದ ಹೊತ್ತನ್ನು ಮುಂದಕ್ಕೆ ತಳ್ಳುವುದು ಸುಲಭ, ಹಿಂದಕ್ಕೆ ಎಳೆಯುವುದು ಕಷ್ಟ. ಬೆಳಗಿನ ಪಾಳಿಯಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ ಬದಲಿಸಿದರೆ ಮೈ ಒಪ್ಪುತ್ತದೆ. ರಾತ್ರಿಯಿಂದ ಸಂಜೆಗೆ, ಸಂಜೆಯಿಂದ ಬೆಳಿಗ್ಗೆಗೆ ಹಾಕಿದರೆ ಹೆಣಗುತ್ತದೆ. ಇದಕ್ಕೆ ಯಜಮಾನರಿಗೆ ಒಂದು ಕಾಸಿನ ಖರ್ಚೂ ಇಲ್ಲ. ಪಟ್ಟಿ ಬರೆಯುವ ಗುಮಾಸ್ತನು ಮನಸ್ಸು ಮಾಡಿದರೆ ಸಾಕು, ಮತ್ತು ಅಂಥ ಗುಮಾಸ್ತರನೇಕರು ಈ ಪತ್ರಿಕೆಯನ್ನು ಓದುತ್ತಾರೆ.

ಪಾಷಾಣದ ಆ ಸಮ್ಮೇಳನವು ಮುಗಿದು ಮೂರು ತಿಂಗಳು ತುಂಬುವುದರೊಳಗೆ, ೨೦೨೦ರ ಮಾರ್ಚಿಯ ಕೊನೆಗೆ, ದೇಶವೆಲ್ಲ ಬಾಗಿಲು ಹಾಕಿತು. ಹಿಂಜವಾಡಿಯ ಗುಮಾಸ್ತರು ಗಣಕಯಂತ್ರಗಳನ್ನು ಮನೆಗೆ ಒಯ್ದರು; ಹೊಟೇಲಿನವರು ಒಯ್ಯುವುದಕ್ಕೆ ಏನೂ ಇರಲಿಲ್ಲ. ಊರಿಗೆ ಹೋದವರಲ್ಲಿ ಕೆಲವರು ಮರಳಿ ಬರಲಿಲ್ಲ. ಗಲ್ಲೆಯ ತರುಣನು ಮರಳಿದವರಲ್ಲೊಬ್ಬನು. ಊರಲ್ಲಿ ಇದ್ದಷ್ಟು ದಿನವೂ ರಾತ್ರಿ ಒಂಬತ್ತಕ್ಕೆ ನಿದ್ರೆ ಬರುತ್ತಿತ್ತೆಂದೂ, ಅದನ್ನು ತಾನು ಸೋಮಾರಿತನವೆಂದು ತಿಳಿದಿದ್ದನೆಂದೂ ನಮಗೆ ಹೇಳಿದನು.

ನೊರಜನ್ನು ಓಡಿಸುವ ಬದಲು ಒಮ್ಮೆ ಸಾಕಿ ನೋಡೆಂದು ನಾವು ಅವನಿಗೆ ವಿನೋದಕ್ಕಾಗಿ ಸೂಚಿಸಿದ್ದೆವು. ಅವನು ಅದನ್ನು ವಿನೋದವೆಂದು ತಿಳಿಯಲಿಲ್ಲ. ಉಪ್ಪಿನಕಾಯಿಯ ಎರಡು ಖಾಲಿ ಸೀಸೆಗಳಲ್ಲಿ ಬಾಳೆಹಣ್ಣು ಬೆಲ್ಲ ಕಲಸಿ ಹಾಕಿ, ನಾಲ್ಕಾರು ನೊರಜುಗಳು ಹೊಕ್ಕ ಮೇಲೆ ಬಾಯಿಗೆ ಅರಿವೆ ಕಟ್ಟಿ, ಒಂದನ್ನು ಇರುಳುಹಗಲು ದೀಪ ಉರಿಯುವ ಗಲ್ಲೆಯ ಪಕ್ಕದಲ್ಲಿಯೂ ಇನ್ನೊಂದನ್ನು ಪಾತ್ರೆ ತೊಳೆಯುವ ಹಿತ್ತಲಿನ ಕಿಟಕಿಯಲ್ಲಿಯೂ ಇಟ್ಟನು. ಎರಡು ವಾರದ ಬಳಿಕ ನಾವು ಪುನಃ ಹೋದಾಗ ಬಿಲ್ಲಿನ ಹಾಳೆಯ ಬೆನ್ನ ಮೇಲೆ ಬರೆದಿಟ್ಟ ಲೆಕ್ಕವನ್ನು ಮುಂದಿಟ್ಟನು. ಗಲ್ಲೆಯ ಸೀಸೆಯಲ್ಲಿ ಹೊಸ ನೊರಜುಗಳು ಮಧ್ಯಾಹ್ನ, ಸಂಜೆ, ನಡುರಾತ್ರಿ ಎನ್ನದೆ ಹೊರಬಂದಿದ್ದವು. ಹಿತ್ತಲಿನ ಸೀಸೆಯ ಮುಂದೆ ಪ್ರತಿ ದಿನವೂ ಹೆಚ್ಚು ಕಡಮೆ ಒಂದೇ ಹೊತ್ತು ಬರೆದಿತ್ತು: ಬೆಳಿಗ್ಗೆ, ಹಾಲಿನವನು ಬರುವಾಗ. ಮಹಡಿಯ ಕೋಣೆಯ ದೀಪದ ಗುಂಡಿಯ ಮೇಲೆ ಅಂಟು ಪಟ್ಟಿ ಹಚ್ಚಿದ್ದರು. ಅಂಗಿ ಹುಡುಕುವವರಿಗೆಂದು ಬಾಗಿಲ ಹೊರಗೆ ಒಂದು ಕೈದೀಪವನ್ನು ತೂಗುಹಾಕಿದ್ದರು.